ಡಬ್ಬಿ ಹುಡುಕುವ ಆಟವೂ ಊರಿನ ರೀತಿಯೂ



ಹಾವೇರಿ ಸೀಮೆಯ ಹಿರಿಯ ಓದುಗರೊಬ್ಬರ ಪತ್ರ ಈ ಸಲದ ಬರಹಕ್ಕೆ ನಿಮಿತ್ತವಾಗಿದೆ. ಪರದೇಶದಲ್ಲಿರುವ ಅವರ ಮಗಳ ಸಂಸಾರ ರಜೆಗೆಂದು ಊರಿಗೆ ಬರಲಿದೆಯಂತೆ. ಹದಿಮೂರು ವರುಷದ ಮೊಮ್ಮಗನಿಗೆ ಅಲ್ಲಿ 'ಜಿಯೋಕ್ಯಾಶಿಂಗ್' ಎಂಬ ಆಟದ ಹುಚ್ಚು ಹಿಡಿದಿದೆ. ಗಳಗನಾಥದ ಗಳಗೇಶ್ವರ ಗುಡಿಯ ಬಳಿ ತಾನೊಂದು ಡಬ್ಬಿಯನ್ನು ಬಚ್ಚಿಟ್ಟು ಹೋಗುವೆನೆಂದು ಅವನು ಫೋನಿನಲ್ಲಿಯೇ ಹೇಳಿಬಿಟ್ಟಿದ್ದಾನೆ. "ಇದೆಂಥ ಆಟ? ಗುಡಿಯ ಸನ್ನಿಧಿಯಲ್ಲಿ ಇದಕ್ಕೆ ಒಪ್ಪಬಹುದೆ? ಬೇಡವೆಂದರೆ ಮಗು ನೊಂದುಕೊಳ್ಳುತ್ತದೆ, ಆಗಲಿ ಎಂದರೆ ಊರವರು ಏನೆಂದಾರೋ" ಎಂದು ಅಜ್ಜನವರು ಕೇಳಿದ್ದಾರೆ. ಇಂಥ ಪ್ರಶ್ನೆ ಇನ್ನು ಅನೇಕ ಮನೆಗಳಿಗೆ ಬರಲಿರುವುದರಿಂದ ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಆಟದ ಪರಿಚಯ. ಭೂಮಿಯಿಂದ ಸುಮಾರು 20,000 ಕಿಲೋಮೀಟರು ಮೇಲೆ ಸುತ್ತುತ್ತಿರುವ ಅಮೆರಿಕದ ಉಪಗ್ರಹಗಳು ನಾವು ನಿಂತ ನೆಲದ ಅಕ್ಷಾಂಶ ರೇಖಾಂಶಗಳನ್ನು ತಿಳಿಯಲು ನೆರವಾಗುತ್ತವೆ. ಮೊದಲು ಸಾಮಾನ್ಯ ಜನರಿಗೆ ದೊರೆಯುತ್ತಿದ್ದ ಸಂಕೇತವನ್ನು ಆ ಸರ್ಕಾರ ಬೇಕೆಂದೇ ಮಸುಕುಗೊಳಿಸುತ್ತಿತ್ತು. ನೂರು ಮೀಟರಿನಷ್ಟು ಹೆಚ್ಚುಕಡಿಮೆ ಬರುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಆ ಮಸುಕನ್ನು ತೆಗೆದುಹಾಕಿದರು. ಒಡನೆಯೇ, ಮೇ 3ರಂದು, ಆರೆಗಾನ್ ರಾಜ್ಯದ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್ಟಿನಲ್ಲಿ ಪುಸ್ತಕ, ಕವಣೆ, ಬೇಯಿಸಿದ ಅವರೆಯ ಡಬ್ಬ ಮುಂತಾದುವನ್ನಿಟ್ಟು ಕಾಡಿನಂಚಿನಲ್ಲಿ ಅಡಗಿಸಿ, ಸ್ಥಳದ ಅಂಕಿಗಳನ್ನು ಕಂಪ್ಯೂಟರಿನ ಮೂಲಕ ಎಲ್ಲರಿಗೂ ತಿಳಿಸಿದರು. ಕೆಲವೇ ದಿನಗಳಲ್ಲಿ ಹುಡುಕುವವರು ಹುಡುಕಿದರು. ಆಟ ಹುಟ್ಟಿದ್ದು ಹೀಗೆ. ಇಂದು ಜಗತ್ತಿನಾದ್ಯಂತ ಇಂಥ 30 ಲಕ್ಷಕ್ಕೂ ಮಿಕ್ಕ ಡಬ್ಬಿಗಳಿವೆ. ಇದಕ್ಕೂ ಹಿಂದೆ, 1854ರಲ್ಲಿಯೇ, ಇಂಗ್ಲೆಂಡಿನ ಡಾರ್ಟ್‌ಮೂರ್ ಬೆಟ್ಟಸೀಮೆಯ ದಾರಿತೋರುಗನೊಬ್ಬ ಬಯಲಿನ ನಡುವೆ ಸೀಸೆಯನ್ನಿಟ್ಟು, ಅಲ್ಲಿಯವರೆಗೆ ನಡೆದುಬಂದವರು ತಮ್ಮ ಹೆಸರಿನ ಚೀಟಿ ಹಾಕಿಹೋಗುವ ರೂಢಿಯನ್ನು ಆರಂಭಿಸಿದ್ದನು. ಹಾಗಾಗಿ ಯಂತ್ರ ಹೊಸದು, ಆಸೆ ಹಳೆಯದು.

ಈ ಆಟಕ್ಕೆ ತನ್ನದೇ ಆದ ನಡವಳಿಕೆಗಳಿವೆ, ಅವು ಬಹುಮಟ್ಟಿಗೆ ಮೆಚ್ಚತಕ್ಕವೇ. ಡಬ್ಬಿಯೊಳಗೆ ಒಂದು ಸಣ್ಣ ನೋಟುಪುಸ್ತಕವಿರುತ್ತದೆ. ಕಂಡುಹಿಡಿದವನು ಹೆಸರು, ದಿನಾಂಕ ಬರೆಯಬೇಕು. ಒಳಗಿನ ಆಟಿಕೆ ಗೀಟಿಕೆಗಳಲ್ಲಿ ಒಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ವಸ್ತುವನ್ನು ಅಲ್ಲಿಡಬೇಕು. ಬರಿಗೈಯಲ್ಲಿ ಬಂದವನು ಏನನ್ನೂ ತೆಗೆಯದೆ ಹೆಸರು ಬರೆದು ಹೋಗಬಹುದು. ಡಬ್ಬಿಯನ್ನು ಇದ್ದ ಜಾಗದಲ್ಲಿಯೇ, ಇದ್ದ ಹಾಗೆಯೇ ಮರಳಿ ಇಡಬೇಕು. ಇನ್ನೂ ಚೆನ್ನಾಗಿ ಅಡಗಿಸುವೆನೆಂದು ನಾಲ್ಕು ಮಾರು ಸರಿಸಿದರೆ ಮುಂದೆ ಬರುವವನ ದಾರಿ ತಪ್ಪುತ್ತದೆ. ಸಿಕ್ಕ ಗುಟ್ಟನ್ನು ಬಹಿರಂಗವಾಗಿ ಬರೆದು ಉಳಿದವರ ಸಂತೋಷವನ್ನು ಕೆಡಿಸಬಾರದು. ಡಬ್ಬಿಗಾಗಿ ನೆಲ ಅಗೆಯುವಂತಿಲ್ಲ. ಮದ್ಯ, ಮದ್ದುಗುಂಡು, ಚಾಕು ಚೂರಿಗಳಿಗೆ ಎಡೆಯೇ ಇಲ್ಲ. ದಾರಿಯಲ್ಲಿ ಕಂಡ ಕಸವನ್ನು ಚೀಲಕ್ಕೆ ತುಂಬಿಕೊಂಡು ಬರುವ ಸತ್ಸಂಪ್ರದಾಯವೂ ಉಂಟು. ಮೊದಲ ಬಕೆಟ್ಟಿನಲ್ಲಿ ಅವರೆಯ ಡಬ್ಬ ಇತ್ತೆಂದೆವಷ್ಟೆ. ಈಗ ತಿನಿಸು ಪೂರ್ತಿ ನಿಷಿದ್ಧ, ಏಕೆಂದರೆ ವಾಸನೆ ಹಿಡಿದು ಬಂದ ಪ್ರಾಣಿ ಡಬ್ಬಿಯನ್ನು ಕಡಿದು ಚೂರುಮಾಡುತ್ತದೆ. ಊರಿನ ಹೆಮ್ಮೆಯೆಂದು ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಇಡಲು ಯಾರಿಗಾದರೂ ಮನಸ್ಸಾದೀತು. ಅದನ್ನು ಅಡುಗೆಮನೆಗೇ ಬಿಡುವುದು ಲೇಸು.

ಆದರೆ ಒಂದು ನಡವಳಿಕೆ ಮಾತ್ರ ನಮ್ಮ ನೆಲಕ್ಕೆ ಒಗ್ಗುವುದಿಲ್ಲ, ಪತ್ರಕ್ಕೆ ಉತ್ತರವೂ ಅದರಲ್ಲಿಯೇ ಇದೆ. ಈ ಆಟದವರು ಯಾರಿಗೂ ಗೊತ್ತಾಗದಂತೆ ಹುಡುಕಬೇಕೆಂಬುದು ಅಲ್ಲಿನ ರೂಢಿ. ಆಟದ ಗಂಧವಿಲ್ಲದ ದಾರಿಹೋಕರನ್ನು ಅವರು 'ಮಗಲ್' ಎನ್ನುತ್ತಾರೆ; ಹ್ಯಾರಿ ಪಾಟರ್ ಕತೆಗಳಿಂದ ಎರವಲು ತಂದ ಮಾತು. ದಾರಿಹೋಕ ಕಂಡೊಡನೆ ಷೂ ಲಾಡಿ ಕಟ್ಟುವವರಂತೆ, ಹಕ್ಕಿ ನೋಡುವವರಂತೆ ನಟಿಸುತ್ತಾರೆ. ಯಾರೂ ಯಾರನ್ನೂ ಕೇಳದ ಪಟ್ಟಣದ ಉದ್ಯಾನದಲ್ಲಿ ಇದು ನಡೆದೀತು. ಅಲ್ಲಿಯೂ ಎಲ್ಲ ಕಾಲಕ್ಕೆ ನಡೆಯುವುದಿಲ್ಲ: 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಸಣ್ಣ ಪಟ್ಟಣದಲ್ಲಿ ಉಪಾಹಾರಗೃಹವೊಂದರ ಮುಂದೆ ಒಬ್ಬ ಆಟಗಾರ ಡಬ್ಬಿಯನ್ನು ತಡಕುತ್ತಿದ್ದುದನ್ನು ಕಂಡವರು ಬಾಂಬೆಂದು ಶಂಕಿಸಿದರು, ಸೇನೆಯವರು ಬಂದು ಆ ಡಬ್ಬಿಯನ್ನು ಸ್ಫೋಟಿಸಿಯೇ ಹೋದರು.

ಇನ್ನು ನಮ್ಮ ಹಳ್ಳಿಗಳ ಮಾತೇನು? ಹಳೆಯ ಗುಡಿಯ ಹಿಂದೆ ಅಪರಿಚಿತನೊಬ್ಬ ಕೈಯಲ್ಲಿ ಯಂತ್ರ ಹಿಡಿದು, ಕಲ್ಲಿನ ಸಂದಿಗೆ ಕೈಹಾಕಿ, ಜನ ಬಂದೊಡನೆ ಸುಮ್ಮನೆ ನಿಂತರೆ ನಮ್ಮವರಿಗೆ ಮೊದಲು ನೆನಪಾಗುವುದು ನಿಧಿಗಳ್ಳರು. ಆ ನೆನಪು ಸುಳ್ಳಲ್ಲ. ನಿಧಿಯಾಸೆಗೆ ಬಿದ್ದು ರಾತ್ರೋರಾತ್ರಿ ಬಸವಣ್ಣನ ಮೂರ್ತಿಯನ್ನು ಉರುಳಿಸಿದ, ಲಿಂಗದ ಪೀಠವನ್ನು ಕಿತ್ತ, ಗರ್ಭಗುಡಿಯ ನೆಲ ಬಗೆದ ಪ್ರಕರಣಗಳು ಕರ್ನಾಟಕದ ಉದ್ದಗಲಕ್ಕೂ ನಡೆದಿವೆ. ಪಾಳುಬಿದ್ದ ಎಷ್ಟೋ ಗುಡಿಗಳಲ್ಲಿ ಬರಿದಾದ ಪೀಠಗಳು ಇಂದಿಗೂ ಸಾಕ್ಷಿ ನುಡಿಯುತ್ತವೆ. ನೆಲದಲ್ಲಿ ಹುದುಗಿದ್ದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯಿದೆ ಹೇಳುತ್ತದೆ. ಕಾಯಿದೆಗೆ ಅಂಜುವವರು ರಾತ್ರಿ ಹಾರೆ ಹಿಡಿದು ಬರುತ್ತಾರೆಯೆ? ಇಂಥ ಗಾಯವನ್ನು ಕಂಡ ಊರಿನಲ್ಲಿ 'ಅಡಗಿಸಿಟ್ಟದ್ದು' ಎಂಬ ಮಾತೇ ಆಟದ ಮಾತಾಗಿ ಕೇಳುವುದಿಲ್ಲ.

ಆದುದರಿಂದ ಇಲ್ಲಿ ರೀತಿ ತಿರುವುಮುರುವಾಗಬೇಕು. ಹುಡುಕುವವರು ಕಣ್ತಪ್ಪಿಸಿ ಅಲ್ಲ, ಮೊದಲು ಮಾತಾಡಿಸಿ ಹುಡುಕಬೇಕು. ಊರ ಮುಂದಿನ ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ಶರಣಾರ್ಥಿ ಎಂದು, ಇಂಥವರ ಮನೆಯವರು, ಇಂಥ ಕೆಲಸಕ್ಕೆ ಬಂದಿದ್ದೇವೆ ಎಂದು ಹೇಳಿ ಮುಂದೆ ಹೋಗಬೇಕು. "ಏನ್ ಹುಡುಕಾಕ ಹತ್ತೀರಿ ಯಪ್ಪಾ?" ಎಂದು ಯಾರಾದರೂ ಕೇಳಿದರೆ ಫೋನನ್ನು ಕಿಸೆಗೆ ಸೇರಿಸದೆ ಅದನ್ನೇ ತೋರಿಸಿ ವಿವರಿಸಬೇಕು. ಆಟದ ಗುಟ್ಟು ಒಂದಿಷ್ಟು ರಟ್ಟಾದರೆ ಆಗಲಿ. ಊರ ಹುಡುಗರು ನಾಲ್ವರು ಜೊತೆಗೂಡಿದರೆ ಡಬ್ಬಿ ಬೇಗ ಸಿಕ್ಕೀತು.

ಇನ್ನು ಗುಡಿಯ ವಿಚಾರ. ಗಳಗೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಅಲ್ಲಿಯ ಶಾಸನವೊಂದು 1080ರದು. ಅದರ ಬುಡವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ: ಮೆಟ್ಟಿಲುಮೆಟ್ಟಿಲಾಗಿ ಇಳಿಜಾರಾಗಿ ಹಬ್ಬಿದ, ಪಿರಮಿಡ್ಡಿನಂಥ ಭಾರೀ ಕಲ್ಲುಕಟ್ಟಡ. ಹೊಳೆಯ ನೆರೆಯನ್ನು ತಡೆಯಲೆಂದೇ ಹಾಗೆ ಕಟ್ಟಿದರೆಂದು ಹೇಳುತ್ತಾರೆ. ಆ ಕಲ್ಲುಗಳ ನಡುವಣ ಸಂದುಗಳು ಡಬ್ಬಿಗೆ ಹೇಳಿಮಾಡಿಸಿದಂತಿವೆ ಎಂದು ಹುಡುಗನಿಗೆ ತೋರುವುದು ಸಹಜ. ಆಪತ್ತು ಇರುವುದೂ ಅಲ್ಲಿಯೇ. ಇಡುವವನ ಕೈ ಎಷ್ಟೇ ಮೃದುವಾಗಿರಲಿ, ಅವನ ಬಳಿಕ ಬರುವ ಹತ್ತನೆಯವನು ಯಾವ ಸಂದಿಯೆಂದು ತಿಳಿಯದೆ ಹತ್ತು ಸಂದಿಗಳನ್ನು ಕೆದಕುತ್ತಾನೆ, ಸಡಿಲವಾಗಿ ಕಂಡ ಕಲ್ಲನ್ನು ಮೀಟುತ್ತಾನೆ. ಉಪಗ್ರಹದ ಅಂಕಿಗಳು ಕೆಲವು ಮೀಟರುಗಳಷ್ಟು ಅತ್ತಿತ್ತ ಆಗುವುದರಿಂದ ಕೊನೆಯ ಹುಡುಕಾಟವೆಲ್ಲ ಕೈಯಿಂದಲೇ ನಡೆಯತಕ್ಕದ್ದು. ಒಂಬತ್ತು ಶತಮಾನಗಳ ನೆರೆಗೆ ಜಗ್ಗದ ಕಲ್ಲು ಹೀಗೆ ಆಡುವ ಕೈಗಳಿಗೆ ಜಗ್ಗಬಾರದು. ಮೇಲಾಗಿ ಗುಡಿ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ರಕ್ಷಿತ ಸ್ಮಾರಕಕ್ಕೆ ಹಾನಿಮಾಡಿದವರಿಗೆ ಎರಡು ವರುಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುವಂತೆ 2010ರಲ್ಲಿ ಕಾನೂನನ್ನು ಬಿಗಿಗೊಳಿಸಲಾಗಿದೆ. ಗುಡಿಯಲ್ಲಿ ಡಬ್ಬಿ ಬೇಡ. ಈ ಮಾತಿನಲ್ಲಿ ನಮಗೆ ಸಂದೇಹವಿಲ್ಲ. ವೀರಗಲ್ಲುಗಳ ಹಿಂದೆಯೂ ಬೇಡ, ಹಾಗೆಯೇ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿಯೂ ಬೇಡ. ಜಿಂಕೆಯ ಬಾಯಿಗೆ ಪ್ಲಾಸ್ಟಿಕ್ಕು ತಲುಪಿಸುವುದು ಯಾವ ಆಟದ ನಿಯಮದಲ್ಲಿಯೂ ಇಲ್ಲ.

ಮೊಮ್ಮಗನಿಗೆ ಇದನ್ನು ಹೇಳುವಾಗ ಅಜ್ಜನವರು ಅಂಜಬೇಕಾದುದಿಲ್ಲ, ಏಕೆಂದರೆ ಅವನ ಆಟದ ನಿಯಮಗಳೇ ಅವರ ಪರವಾಗಿವೆ. ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಡಬ್ಬಿ ಇಡಬಾರದೆಂಬುದು ಅಲ್ಲಿಯೂ ಮೊದಲ ಕಟ್ಟಳೆ. ಮತ್ತೊಂದು ಕಟ್ಟಳೆಯನ್ನು ನಾವು ವಿಶೇಷವಾಗಿ ಮೆಚ್ಚಿದ್ದೇವೆ: ರಜೆಗೆ ಹೋದ ಊರಿನಲ್ಲಿ ಡಬ್ಬಿ ಇಟ್ಟು ಮರಳಿಬಿಡುವಂತಿಲ್ಲ. ಇಟ್ಟವನು ಆಗಾಗ ಹೋಗಿ ನೋಡುವಷ್ಟು ಹತ್ತಿರದಲ್ಲಿರಬೇಕು, ಇಲ್ಲವೆ ನೋಡಿಕೊಳ್ಳುವ ಸ್ಥಳೀಯರು ಗೊತ್ತಾಗಿರಬೇಕು. ಮಳೆಗೆ ಪುಸ್ತಕ ನೆನೆದಿದೆಯೆ, ಮುಚ್ಚಳ ಒಡೆದಿದೆಯೆ ಎಂದು ವಿಚಾರಿಸುವವರಿಲ್ಲದ ಡಬ್ಬಿ ಡಬ್ಬಿಯಲ್ಲ, ಕಸ. ಹುಡುಗ ವಿಮಾನ ಹತ್ತಿದ ಮೇಲೆ ಆ ಭಾರ ಯಾರ ಹೆಗಲಿಗೆ? ಅಜ್ಜನವರಿಗೇ ತಾನೆ? 2019ರ ಆಗಸ್ಟಿನಲ್ಲಿ ವರದೆ ತುಂಗಭದ್ರೆಗಳು ಹಾವೇರಿ ಜಿಲ್ಲೆಯಲ್ಲಿ ಉಕ್ಕಿ ಹರಿದುದನ್ನು ಕಂಡವರಿಗೆ, ಹೊಳೆಯಂಚಿನಲ್ಲಿ ಇಟ್ಟ ಡಬ್ಬಿ ಎತ್ತ ಹೋದೀತೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಹುಡುಗನ ಉತ್ಸಾಹಕ್ಕೆ ದಾರಿ? ದಾರಿಯಿದೆ, ಅದು ಡಬ್ಬಿಯ ದಾರಿಗಿಂತ ಚೆನ್ನಾಗಿದೆ. 2004ರಿಂದ ಈ ಆಟದಲ್ಲಿ 'ಅರ್ಥ್‌ಕ್ಯಾಶ್' ಎಂಬ ಬಗೆಯೊಂದು ಸೇರಿದೆ. ಅಮೆರಿಕದ ಭೂವಿಜ್ಞಾನ ಸಂಘದವರು ಹುಟ್ಟುಹಾಕಿದ್ದು. ಅದರಲ್ಲಿ ಏನನ್ನೂ ಅಡಗಿಸುವುದಿಲ್ಲ. ಸ್ಥಳಕ್ಕೆ ಬಂದವರು ಅಲ್ಲಿಯ ನೆಲ, ನೀರು, ಕಲ್ಲುಗಳನ್ನು ನೋಡಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಕಳಿಸಬೇಕು. ಇದಕ್ಕೂ ಸಂಬಂಧಪಟ್ಟವರ ಅನುಮತಿ ಬೇಕು, ಉತ್ತರಗಳನ್ನು ನೋಡುವ ಹೊಣೆಯೂ ಇರುತ್ತದೆ. ಆ ಹೊಣೆಯನ್ನು ಮಾತ್ರ ದೂರದಲ್ಲಿದ್ದೂ ಹೊರಬಹುದು. ಗಳಗನಾಥಕ್ಕಿಂತ ಒಳ್ಳೆಯ ಜಾಗ ಇದಕ್ಕೆ ಎಲ್ಲಿ ಸಿಕ್ಕೀತು? ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರನ್ನು, ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ ಬನವಾಸಿಯನ್ನು ಬಳಸಿ ಬಂದ ವರದೆ ಇಲ್ಲಿ ಕೂಡಿಕೊಳ್ಳುತ್ತಾಳೆ. ಎರಡು ಹೊಳೆಗಳ ನೀರಿನ ಬಣ್ಣದಲ್ಲಿ ಭೇದವಿದೆಯೆ? ಮರಳು ಯಾವ ಮಗ್ಗುಲಿಗೆ ಕೂಡುತ್ತದೆ? ದಂಡೆಯ ಹರಳುಗಳು ಏಕೆ ದುಂಡಗಾಗಿವೆ? ಇವನ್ನು ಕೇಳಿಸಿಕೊಂಡ ಮಗು ಅಜ್ಜನನ್ನು ಮರುಪ್ರಶ್ನೆ ಕೇಳದೆ ಬಿಡುವುದಿಲ್ಲ, ಅಜ್ಜನವರು ಸಿದ್ಧರಾಗಿರಬೇಕು.

ಮನೆಯ ಮಟ್ಟಿಗೆ ಇನ್ನೊಂದು ಪ್ರಶ್ನೆಮಾಲೆಯನ್ನೂ ಹೆಣೆಯಬಹುದು. ಶಾಸನದ ಕಲ್ಲನ್ನು ಮುಟ್ಟದೆ ಅದರ ಸಾಲುಗಳನ್ನು ಎಣಿಸು. ಈ ಊರಿನ ಹೆಸರನ್ನೇ ಕಾವ್ಯನಾಮವಾಗಿ ಧರಿಸಿದ ಕಾದಂಬರಿಕಾರರು ಯಾರು ಎಂಬಿವೇ ಮೊದಲಾದುವು. ವೆಂಕಟೇಶ ತಿರಕೋ ಕುಲಕರ್ಣಿಯವರು, 1869ರಿಂದ 1942ರವರೆಗೆ ಬಾಳಿದವರು, ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಕನ್ನಡಿಗರಿಗೆ ಓದುವ ಚಟ ಹಿಡಿಸಿದರು. ಮನೆಯಲ್ಲಿ ಅವರದೊಂದು ಪುಸ್ತಕವಿದ್ದರೆ ಉತ್ತರ ಸರಿಯಾದ ಮಗುವಿಗೆ ಅದನ್ನೇ ಬಹುಮಾನವಾಗಿ ಕೊಡಬಹುದು.

ಡಬ್ಬಿಯೇ ಬೇಕೆಂದು ಹುಡುಗ ಹಟ ಹಿಡಿದರೆ ಅಜ್ಜನವರ ಸ್ವಂತ ಹೊಲ ಇದ್ದೇ ಇದೆ. ಬದುವಿನ ಮೇಲಿನ ಬೇವಿನ ಮರಕ್ಕೆ, ನೆಲದಿಂದ ಎದೆಯೆತ್ತರದಲ್ಲಿ, ದಾರದಿಂದ ಕಟ್ಟಿದರೆ ಸಾಕು, ಮೊಳೆ ಹೊಡೆಯಬಾರದು. ಕಲ್ಲಿನ ಗುಡ್ಡೆಯಲ್ಲಿ ಇಡಲೇಬಾರದು, ಅದು ಹಾವು ಚೇಳುಗಳ ಮನೆ, ಕಾಣದ ಪೊಟರೆಗೆ ಕೈಹಾಕುವುದನ್ನು ಮಕ್ಕಳಿಗೆ ಕಲಿಸಲೂ ಬಾರದು. ಬರುವವರು ಬೆಳೆ ತುಳಿಯದಂತೆ ಗಾಡಿದಾರಿಯಿಂದಲೇ ತಲುಪುವ ಜಾಗವಾಗಿರಲಿ. ನೆರೆಹೊಲದವರಿಗೆ ಮೊದಲೇ ತಿಳಿಸಿರಬೇಕು, ಆಳುಮಕ್ಕಳಿಗೂ ತಿಳಿಸಿರಬೇಕು. ಇಲ್ಲವಾದರೆ ಕಳೆ ಕೀಳಲು ಬಂದವರು ಹೆದರಿ ಕೂಗಿಯಾರು. ಬೇಲಿಯ ಪಡಿ ತೆರೆದವರು ಮುಚ್ಚಿ ಹೋಗಬೇಕೆಂಬುದನ್ನು ಒಳಗಿನ ಪುಸ್ತಕದ ಮೊದಲ ಪುಟದಲ್ಲಿಯೇ ಬರೆಯಿರಿ. ಡಬ್ಬಿಯ ಮುಚ್ಚಳದ ಮೇಲೆ, ಒಳಗಲ್ಲ ಹೊರಗೆ, ಅಳಿಸದ ಮಸಿಯಿಂದ ದಪ್ಪ ಕನ್ನಡ ಅಕ್ಷರಗಳಲ್ಲಿ ಹೀಗಿರಲಿ: "ಇದು ಮಕ್ಕಳ ಆಟದ ಡಬ್ಬಿ. ಬೆಲೆಬಾಳುವುದೇನೂ ಇದರಲ್ಲಿಲ್ಲ. ಹೊಲದ ಒಡೆಯರ ಒಪ್ಪಿಗೆಯಿಂದ ಇಟ್ಟಿದೆ. ತೆರೆದು ನೋಡಿರಿ, ಹೆಸರು ಬರೆಯಿರಿ, ಹಾಗೆಯೇ ಇಡಿರಿ."