ಮಾತು ಮುಳುಗದ ಹಾಡು

ವಚನ ಹಾಡುವವರೂ ಹಾಡಿಸುವವರೂ ಬೇರೆ ಬೇರೆ ಬಗೆಯ ಸಂಗೀತಕ್ಕೂ ಕಿವಿಗೊಡಬೇಕು. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದಲ್ಲಿ ರಾಗ ಎಷ್ಟೇ ಬೆಳೆದರೂ ಮಾತಿನ ಕೈ ಬಿಡುವುದಿಲ್ಲ. ಬೆಳಗಾವಿ ಸೀಮೆಯ ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವರು, ಕ್ಷಯದಿಂದ ಎದ್ದುಬಂದ ಮೇಲೆ ಹಾಡಿದ ಕಬೀರರ ನಿರ್ಗುಣ ಭಜನೆಗಳಲ್ಲಿ ಪದಗಳ ನಡುವಿನ ಮೌನವೂ ಅರ್ಥ ಹೇಳುತ್ತದೆ. ರಘು ದೀಕ್ಷಿತರ 2008ರ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಗಳಿಗೆ ಗಿಟಾರ್ ಬಂತು. ಹಿರಿಯರು ಮುಖ ಸಿಂಡರಿಸಬಹುದು. ನನಗಂತೂ ಹಿಡಿಸಿತು, ಶರೀಫರ ತುಂಟತನ ಹಾಗೇ ಉಳಿದಿದೆ.

ಬೆರಗಾದದ್ದು ಅಮೆರಿಕದ ಜಾಝ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ (1965) ಕೇಳಿದಾಗ. ಅದರ ನಾಲ್ಕನೆಯ, ಕೊನೆಯ ಭಾಗದಲ್ಲಿ ತಾವೇ ಬರೆದ ಪ್ರಾರ್ಥನೆಯನ್ನು ಬಾಯಲ್ಲಿ ಹೇಳದೆ ಸ್ಯಾಕ್ಸೋಫೋನಿನಲ್ಲಿ ಪದಪದವಾಗಿ ನುಡಿಸಿದ್ದಾರೆ. ತಾಳಕ್ಕೆ ಕಟ್ಟುಬೀಳದ ಆ ನಡೆ ವಚನದ ನಡೆಗೆ ಬಹಳ ಹತ್ತಿರ.

ಜಾತ್ರೆಯಲ್ಲಿ ಮಾರುವ ಎಷ್ಟೋ ವಚನದ ಸಿ.ಡಿ.ಗಳಲ್ಲಿ ಕೀಬೋರ್ಡು, ರಿದಮ್ ಪ್ಯಾಡು, ಎಕೋ. ಕಡೆಗೆ ಕಿವಿಗೆ ಬೀಳುವುದು ಅಂಕಿತ ಮಾತ್ರ. ಮೊದಲ ಸಾಲನ್ನೇ ಪಲ್ಲವಿ ಮಾಡಿ ನಾಲ್ಕು ಸಲ ತಿರುಗಿಸಿದರೆ ಶರಣರು ಕಟ್ಟಿದ ವಾದವೇ ಮುರಿದುಬೀಳುತ್ತದೆ. ಮಠಗಳು ಮುಂದೆ ಹಾಡಿಸುವಾಗ, ಆ ವಚನ ಕೇಳಿರದ ಒಂದು ಮಗುವಿಗೆ ಮೊದಲು ಕೇಳಿಸಿ, ಎಷ್ಟು ಮಾತು ತಿಳಿಯಿತೆಂದು ವಿಚಾರಿಸಿ ಆಮೇಲೆ ಬಿಡುಗಡೆ ಮಾಡಲಿ.