ಕರೆದು ತಂದವರೂ ಮೊದಲೇ ಇದ್ದವರೂ

ಹೊಸೂರು, ಕೃಷ್ಣಗಿರಿ ಕಡೆಯ ಕನ್ನಡ ಮನೆಗಳಲ್ಲಿ ಈಗ ಎರಡು ಬಗೆಯ ವಲಸೆ ಮಾತಿಗೆ ಬರುತ್ತದೆ. ಒಂದು, ಕಾರ್ಖಾನೆಯ ಕೆಲಸಕ್ಕಾಗಿ ದೂರದ ರಾಜ್ಯಗಳಿಂದ ಬಂದು ಅಲ್ಲಿ ಬೀಡುಬಿಡುತ್ತಿರುವವರದು. ಇನ್ನೊಂದು, ಹೊಲ ಮಾರಿಯಾದರೂ ಮಗನನ್ನು ಕೆನಡಾಕ್ಕೋ ಆಸ್ಟ್ರೇಲಿಯಕ್ಕೋ ಕಳುಹಿಸಿ ಅಲ್ಲೇ ನೆಲೆಗೊಳಿಸುವ ಆಲೋಚನೆ. ಎರಡನ್ನೂ ಕೂಡಿಸಿ ನೋಡಿದರೆ ಗಡಿನಾಡಿನ ಕನ್ನಡಿಗನ ಸ್ಥಿತಿ ತಿಳಿಯುತ್ತದೆ. ಕಾಸರಗೋಡಿನವರಾದ ನಮಗೂ ಅದು ಹೊರಗಿನ ವಿಷಯವಲ್ಲ.

ಕೆನಡಾದಲ್ಲಿ 1998ರ ಸುಮಾರಿಗೆ ಪ್ರಾಂತಗಳಿಗೆ ಒಂದು ಅಧಿಕಾರ ದೊರೆಯಿತು. ತನಗೆ ಬೇಕಾದ ಕೆಲಸಗಾರನನ್ನು, ಉದ್ಯಮ ಹೂಡಬಲ್ಲವನನ್ನು ಪ್ರಾಂತವೇ ಆರಿಸಿ ಹೆಸರು ಸೂಚಿಸುತ್ತದೆ. ಶಾಶ್ವತ ವಾಸದ ಅನುಮತಿಯನ್ನು ಒಕ್ಕೂಟ ಸರಕಾರ ಕೊಡುತ್ತದೆ. ಇದನ್ನು ಮೊದಲು ಚೆನ್ನಾಗಿ ಬಳಸಿಕೊಂಡದ್ದು ಜನ ಸಾಲದ ಮ್ಯಾನಿಟೋಬಾ. ಉದ್ಯಮಿಯಾದರೆ ಸಾಮಾನ್ಯವಾಗಿ ಮೊದಲು ತಾತ್ಕಾಲಿಕ ಪರವಾನಿಗೆಯ ಮೇಲೆ ಹೋಗಿ, ಹಣ ಹೂಡಿ, ವ್ಯವಹಾರ ನಡೆಸಿ ತೋರಿಸಬೇಕು. ಹೆಸರು ಸೂಚಿಸುವುದು ಆಮೇಲೆ. ಆಸ್ಟ್ರೇಲಿಯವು 2019ರಲ್ಲಿ ತಂದ ಪ್ರಾದೇಶಿಕ ವೀಸಾ ಐದು ವರ್ಷದ್ದು. ಅದರಲ್ಲಿ ಮೂರು ವರ್ಷ ಗೊತ್ತುಪಡಿಸಿದ ಪ್ರದೇಶದಲ್ಲೇ ಇದ್ದು ದುಡಿದವನು ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು.

ಈ ಬಾಗಿಲಿನ ಅಗಳಿ ಇರುವುದು ಕರೆಯುವವನ ಕೈಯಲ್ಲಿ. 2024ರಲ್ಲಿ ಕೆನಡಾ ಈ ದಾರಿಯಿಂದ 1,10,000 ಜನರನ್ನು ಸೇರಿಸಿಕೊಳ್ಳುವ ಗುರಿ ಇಟ್ಟಿತ್ತು. 2025ಕ್ಕೆ ಅದನ್ನು 55,000ಕ್ಕೆ ಇಳಿಸಿತು. ಮಧ್ಯವರ್ತಿಯ ಮಾತು ನಂಬಿ ಮುಂಚಿತವಾಗಿ ಹೊಲ ಮಾರಿದವನಿಗೆ ಅಂತಹ ವರ್ಷದಲ್ಲಿ ಅತ್ತ ಕೆನಡಾವೂ ಇಲ್ಲ, ಇತ್ತ ಹೊಲವೂ ಇಲ್ಲ. ಆದರೂ ಆ ಪದ್ಧತಿಯಲ್ಲಿ ಒಂದು ನೇರವಿದೆ. ಯಾರು ಬೇಕು, ಏನು ಷರತ್ತು, ಎಷ್ಟು ವರ್ಷಕ್ಕೆ ಏನು ಹಕ್ಕು ಎಂಬುದೆಲ್ಲ ಬರಹದಲ್ಲಿದೆ. ಭಾಷೆಯ ಪರೀಕ್ಷೆ ಇದೆ. ಬಂದು ನೆಲೆಸಿದವರಿಗೆ ಭಾಷೆ ಕಲಿಸಲು ಕೆನಡಾ ಸರಕಾರ 1992ರಿಂದ ಉಚಿತ ತರಗತಿಗಳನ್ನೂ ನಡೆಸುತ್ತ ಬಂದಿದೆ.

ಹೊಸೂರೂ ಹೀಗೆ ಜನರನ್ನು ಕರೆದು ಬೆಳೆದ ಊರೇ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಎದ್ದಿತು. ಬೆಂಗಳೂರು ಕೇವಲ 40 ಕಿಲೋಮೀಟರ್ ದೂರ. ಅಶೋಕ್ ಲೇಲ್ಯಾಂಡ್ ಬಂತು, ಟಿವಿಎಸ್ ಮೊಪೆಡ್ ಬಂತು. 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಸರಕಾರದ ನಿಗಮವೂ ಕೂಡಿ ಟೈಟಾನ್ ಗಡಿಯಾರ ಕಂಪೆನಿ ಕಟ್ಟಿದವು. ತಮಿಳುನಾಡಿನ ಒಳನಾಡಿನ ಶಾಲೆಗಳಿಂದ ಹದಿಹರೆಯದ ಹುಡುಗ ಹುಡುಗಿಯರನ್ನು ಆರಿಸಿ ತಂದು, ಕೆಲಸ ಕಲಿಸಿ, ತಂದೆತಾಯಿಯರ ಸ್ಥಾನದಲ್ಲಿ ನಿಂತು ನೋಡಿಕೊಳ್ಳಲು ದಂಪತಿಗಳನ್ನೂ ಗೊತ್ತುಮಾಡಿದ ಕಂಪೆನಿ ಅದು. 2021ರಲ್ಲಿ ಪೋಚಂಪಳ್ಳಿಯ ಬಳಿ ಓಲಾ ಸ್ಕೂಟರ್ ಕಾರ್ಖಾನೆ ತೆರೆಯಿತು. 2022ರಲ್ಲಿ ಟಾಟಾ ಇಲೆಕ್ಟ್ರಾನಿಕ್ಸಿನ ಕೆಲಸಕ್ಕೆ ಜಾರ್ಖಂಡದ ಆದಿವಾಸಿ ಯುವತಿಯರು ಹೊಸೂರಿಗೆ ಬಂದರು.

ಬಂದವರ ಮೇಲೆ ನಮ್ಮ ಆಕ್ಷೇಪವಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ರಾಂಚಿಯ ಹುಡುಗಿ ಹೊಟ್ಟೆಪಾಡಿಗೆ ಬಂದದ್ದು ಅಪರಾಧವಲ್ಲ. ನಮ್ಮ ಪ್ರಶ್ನೆ ಬೇರೆ. ಅವಳನ್ನು ಹುಡುಕಿ ಸಾವಿರಾರು ಮೈಲಿ ಆಚೆಗೆ ಹೋಗಬಲ್ಲ ವ್ಯವಸ್ಥೆಗೆ ತಳಿ, ಡೆಂಕಣಿಕೋಟೆ, ಬಾಗಲೂರುಗಳ ಕನ್ನಡ ಶಾಲೆಯ ಹುಡುಗಿ ಕಣ್ಣಿಗೆ ಬೀಳುತ್ತಾಳೆಯೆ?

ಈ ಹುಡುಗಿಯ ಹಿರಿಯರು ಎಲ್ಲಿಂದಲೋ ವಲಸೆ ಬಂದು 1956ರಲ್ಲಿ ಅಲ್ಪಸಂಖ್ಯಾತರಾದವರಲ್ಲ. ಇದ್ದಲ್ಲೇ ಇದ್ದರು, ಭಾಷೆಯ ಆಧಾರದಲ್ಲಿ ರಾಜ್ಯಗಳ ಗೆರೆ ಎಳೆದಾಗ ಅವರ ಊರು ಮದ್ರಾಸು ರಾಜ್ಯದಲ್ಲಿ ಉಳಿಯಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ ಇಂತಹ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣದ ಭರವಸೆ ಕೊಟ್ಟಿತು. ಆಮೇಲೆ ನಡೆದದ್ದನ್ನು ನೋಡಿ. 2006ರ ಕಾಯಿದೆ ತಮಿಳು ಕಲಿಕೆಯನ್ನು ಒಂದನೇ ತರಗತಿಯಿಂದ ಕಡ್ಡಾಯ ಮಾಡಿತು. ಅಲ್ಪಸಂಖ್ಯಾತ ಶಾಲೆಗಳವರು ನ್ಯಾಯಾಲಯದ ಮೆಟ್ಟಲು ಹತ್ತಿ ಹತ್ತನೇ ತರಗತಿಯ ತಮಿಳು ಪರೀಕ್ಷೆಯಿಂದ ವಿನಾಯಿತಿ ಪಡೆದರು. 2021ರ ಡಿಸೆಂಬರದಲ್ಲಿ ಮತ್ತೊಂದು ಆಜ್ಞೆ ಬಂತು: ರಾಜ್ಯ ಸರಕಾರದ ನೌಕರಿಗೆ ತಮಿಳು ಪತ್ರಿಕೆಯಲ್ಲಿ ನೂರಕ್ಕೆ 40 ಅಂಕ ಕಡ್ಡಾಯ. ಶಾಲೆಯಲ್ಲಿ ದೊರೆತ ವಿನಾಯಿತಿ ನೌಕರಿಯ ಬಾಗಿಲಲ್ಲಿ ತೊಡಕಾಗಿ ನಿಂತಿತು.

ಗಡಿಯ ಆಚೆಗಾದರೂ ಆಸರೆಯಿದೆಯೆ? 2024ರ ಜುಲಾಯಿಯಲ್ಲಿ ಕರ್ನಾಟಕ ಸರಕಾರ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆ ಸಿದ್ಧಪಡಿಸಿ, ವಿರೋಧ ಬಂದೊಡನೆ ತಡೆಹಿಡಿಯಿತು. ಅದರ ಪ್ರಕಾರ ಸ್ಥಳೀಯನೆಂದರೆ ಕರ್ನಾಟಕದಲ್ಲಿ ಹುಟ್ಟಿ, ಅಲ್ಲಿ 15 ವರ್ಷ ವಾಸವಿದ್ದು, ಕನ್ನಡ ಬಲ್ಲವನು. ಹೊಸೂರಿನ ಹುಡುಗನಿಗೆ ಕನ್ನಡ ಬರುತ್ತದೆ, ಅಷ್ಟೆ. ತಮಿಳುನಾಡಿಗೆ ಅವನು ಭಾಷೆಯಿಂದ ಹೊರಗಿನವನು, ಕರ್ನಾಟಕಕ್ಕೆ ಹುಟ್ಟಿನಿಂದ ಹೊರಗಿನವನು.

ಆದುದರಿಂದ ತಮಿಳುನಾಡು ಸರಕಾರ ಮಾಡಬೇಕಾದ ಕೆಲಸ ಸ್ಪಷ್ಟ. ಕನ್ನಡ ಶಾಲೆಗಳಲ್ಲಿ ಕನ್ನಡ ಅಧ್ಯಾಪಕರ ಹುದ್ದೆಗಳನ್ನು ತುಂಬಬೇಕು. ಅದೇ ಶಾಲೆಗಳಿಗೆ, ಕನ್ನಡದ ಮೂಲಕ ತಮಿಳು ಕಲಿಸಬಲ್ಲ ಅಧ್ಯಾಪಕರನ್ನೂ ಕೊಡಬೇಕು. ಕಲಿಸದೆ ಪರೀಕ್ಷೆ ಮಾಡುವುದು ನ್ಯಾಯವಲ್ಲ. ಸರಕಾರದ ನೆಲ, ನೀರು, ರಿಯಾಯಿತಿ ಪಡೆದ ಕಾರ್ಖಾನೆಗಳು ಸುತ್ತಲಿನ ಕನ್ನಡ, ತೆಲುಗು ಶಾಲೆಗಳಿಂದಲೂ ಮಕ್ಕಳನ್ನು ಆರಿಸಿ ತರಬೇತಿ ಕೊಡಲಿ. ನಲವತ್ತು ವರ್ಷದ ಹಿಂದೆ ಹಳ್ಳಿಯ ಮಕ್ಕಳನ್ನು ಕರೆತಂದು ಗಡಿಯಾರ ಜೋಡಿಸಲು ಕಲಿಸಿದ ಊರಿಗೆ ಇದು ಅಸಾಧ್ಯವೇನಲ್ಲ.

ಹೆತ್ತವರಿಗೂ ಒಂದು ಮಾತು. ಮಕ್ಕಳು ಕನ್ನಡ ಬಿಡುವುದು ಬೇಡ. ಆದರೆ ನೆಲದ ಭಾಷೆಯನ್ನು ದೂರವಿಡುವುದರಿಂದ ಕನ್ನಡ ಉಳಿಯುವುದಿಲ್ಲ, ಮಕ್ಕಳ ಅನ್ನ ಮಾತ್ರ ದೂರವಾಗುತ್ತದೆ. ಪರದೇಶಕ್ಕೆಂದರೆ ಇಂಗ್ಲಿಷಿನ ಪರೀಕ್ಷೆಗೆ ವರ್ಷಗಟ್ಟಲೆ ದುಡಿಯುವ ನಾವು ತಮಿಳಿಗೆ, ಇಲ್ಲಿ ಮಲಯಾಳಕ್ಕೆ, ಹಿಂಜರಿಯಬೇಕಾಗಿಲ್ಲ. ಹೋಗುವವರು ಹೋಗಲಿ, ಷರತ್ತುಗಳನ್ನು ಓದಿ ತಿಳಿದು ಹೋಗಲಿ. ಉಳಿಯುವವರಿಗೆ ತಮ್ಮ ಊರಲ್ಲೇ ಶಾಶ್ವತ ವಾಸದ ಹಕ್ಕು ಕಾಗದದಲ್ಲಿ ಇದ್ದೇ ಇದೆ. ಅದು ಶಾಲೆಯಲ್ಲೂ ಕಾರ್ಖಾನೆಯ ಗೇಟಿನಲ್ಲೂ ನಡೆಯುವಂತೆ ನೋಡಿಕೊಳ್ಳುವುದು ಆಳುವವರ ಕರ್ತವ್ಯ. ಬಿಡದೆ ಕೇಳುವುದು ನಮ್ಮದು.