ಗೇರು ಎಲ್ಲಿ ನೆಡಬೇಕೆಂದು ಮುಂಬಯಿಯನ್ನು ಕೇಳಬೇಡಿ

ಮನೆ ಸುತ್ತ ಯಾವ ಗಿಡ ಎಲ್ಲಿರಬೇಕು ಅಂತ ಮುಂಬಯಿಯಿಂದ ಫೋನು ಬಂದರೆ, ಊರಿನವರೇ, ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ನಾನೂ ಮುಂಬಯಿಯಲ್ಲಿರುವವನೇ, ಆದ್ದರಿಂದಲೇ ಹೇಳುತ್ತಿದ್ದೇನೆ. ಮೇ ತಿಂಗಳಲ್ಲಿ 15 ದಿನ ಬಂದು ಹೋಗುವ ನಮಗೆ ಅಂಗಳ ಫೋಟೋದಲ್ಲಿ ಹೇಗೆ ಕಾಣುತ್ತದೆ ಎನ್ನುವುದಷ್ಟೇ ಚಿಂತೆ. ಜುಲೈಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ದನ ಯಾವ ಕಂಡಿಯಲ್ಲಿ ನುಗ್ಗುತ್ತದೆ ಎಂಬುದು ಅಲ್ಲಿರುವ ನಿಮಗೆ ಗೊತ್ತು.

ದಕ್ಷಿಣ ಕನ್ನಡ, ಉಡುಪಿ ಕಡೆ ನಡೆಯುತ್ತಿರುವುದನ್ನು ನೋಡಿ. ಪರವೂರಿನ ದುಡ್ಡು ಬಂದ ಕೂಡಲೇ ಮೊದಲು ಹೋಗುವುದು ಬೇಲಿಯ ಕರಂಡೆ ಪೊದೆ. "ಬರೀ ಮುಳ್ಳು, ಕಾಡು" ಅಂತ ಜೆಸಿಬಿ ತರಿಸಿ ಕೀಳಿಸಿ, ಅಲ್ಲಿ ಕೆಂಪುಕಲ್ಲಿನ ಪಾಗಾರ. ಒಳಗೆ ಗೇಟಿನ ಪಕ್ಕದಲ್ಲೇ, ಮಾಡಿಗೆ ತಾಗುವ ಹಾಗೆ ಎರಡು ಕಸಿ ಗೇರು. ಯಾಕೆ ಅಂದರೆ, ರಜೆಗೆ ಬಂದ ಮಕ್ಕಳ ಕೈಗೆ ಎಟುಕಬೇಕಂತೆ! ಹಸಿ ಬೀಜದ ಸೊನೆ ತಾಗಿದರೆ ಚರ್ಮ ಸುಡುತ್ತದೆ ಎನ್ನುವುದನ್ನೂ ಮರೆತ ಪುಣ್ಯಾತ್ಮರು ನಾವು.

ಗೇರಿಗೆ ಬಿಸಿಲು ಬೇಕು ಸ್ವಾಮಿ. ಅದು ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಮನೆಯದೋ ತೆಂಗಿನದೋ ನೆರಳು ಬಿದ್ದ ಬದಿಯಲ್ಲಿ ಎಲೆ ಬಂದೀತು, ಫಸಲು ಬಾರದು. ಬುಡದಲ್ಲಿ ನೀರು ನಿಂತರೂ ಆಗದು. ಗಿಡದಿಂದ ಗಿಡಕ್ಕೆ 7-8 ಮೀಟರ್ ಜಾಗ ಬಿಡಬೇಕು. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲಿನಿಂದ ತಂದ ಮರ ನಮ್ಮ ಗುಡ್ಡೆಗೆ ಒಗ್ಗಿದ್ದೇ ಅಲ್ಲಿ ಇಳಿಜಾರು, ಬಿಸಿಲು ಎರಡೂ ಇದ್ದುದರಿಂದ. ಪುತ್ತೂರಿನಲ್ಲಿ 1986ರಿಂದ ಗೇರಿಗೆಂದೇ ಸಂಶೋಧನಾ ಕೇಂದ್ರವಿದೆ. ಬಸ್ಸು ಹತ್ತಿ ಅಲ್ಲಿ ಹೋಗಿ ಕೇಳುವುದು ಬಿಟ್ಟು ಡೊಂಬಿವಲಿಯ ಫ್ಲ್ಯಾಟಿಗೆ ಫೋನು ಮಾಡುತ್ತೀರಲ್ಲ!

ಇನ್ನು ಕರಂಡೆ. ಘಟ್ಟದ ಮೇಲಿನವರು ಕವಳಿ ಅನ್ನುತ್ತಾರೆ. ಬೇಲಿಗೆ ಹೇಳಿ ಮಾಡಿಸಿದ ಗಿಡ. ಅದರ ಕವಲು ಮುಳ್ಳು ದಾಟಿ ದನ ಒಳಗೆ ಬರುವುದು ಕಷ್ಟ. ಗೊಬ್ಬರ ಕೇಳದು, ಬೇಸಗೆಯಲ್ಲಿ ನೀರೂ ಕೇಳದು. ಎಳೆಕಾಯಿ ಉಪ್ಪಿನಕಾಯಿಗಾದರೆ ಮೇ ತಿಂಗಳಿಗೆ ಕಪ್ಪು ಹಣ್ಣು. ಪಾಗಾರ ಏನು ಕೊಡುತ್ತದೆ? ಪಾಚಿ. ಮಳೆನೀರಿಗೆ ಅಡ್ಡ ನಿಲ್ಲುವುದು ಬೇರೆ.

ಅದೇ ಮೇ ತಿಂಗಳಲ್ಲಿ ಕಸಾರಾ, ಕರ್ಜತ್ ಕಡೆಯ ಆದಿವಾಸಿ ಹೆಂಗಸರು ಬುಟ್ಟಿ ಹೊತ್ತು ಲೋಕಲ್ ರೈಲು ಹತ್ತಿ ಮುಂಬಯಿಗೆ ಬರುತ್ತಾರೆ. ಬುಟ್ಟಿಯಲ್ಲಿರುವುದು ಇದೇ ಕರಂಡೆ. ಮರಾಠಿಯಲ್ಲಿ ಕರವಂದ. 'ಡೋಂಗರಾಚಿ ಕಾಳಿ ಮೈನಾ' ಅಂತ, ಅಂದರೆ ಗುಡ್ಡದ ಕಪ್ಪು ಮೈನಾ ಅಂತ ಮುದ್ದಿನಿಂದ ಕರೆಯುತ್ತಾರೆ. ಎಲೆಯ ದೊನ್ನೆಯಲ್ಲಿ ಒಂದು ಹಿಡಿ. ಊರಲ್ಲಿ ಪೊದೆ ಕೀಳಿಸಿದ ಮಹಾನುಭಾವರೇ ಇಲ್ಲಿ ಚೌಕಾಸಿ ಮಾಡಿ ಕೊಂಡು, "ನೋಡು ಮಗಾ, ನಮ್ಮೂರ ಹಣ್ಣು" ಅನ್ನುತ್ತಾರೆ.

ದುಡ್ಡು ಕಳಿಸುವವರ ಮಾತಿಗೆ ಬೆಲೆಯೇ ಬೇಡ ಅನ್ನುತ್ತಿಲ್ಲ. ಮಾಡಿನ ಹಂಚು, ಬಾವಿಯ ಪಂಪು ಇಂಥದ್ದಕ್ಕೆ ನಮ್ಮನ್ನು ಧಾರಾಳವಾಗಿ ಕೇಳಿ. ಗಿಡದ ಜಾಗವನ್ನು ಮಾತ್ರ ವರ್ಷವಿಡೀ ಆ ಅಂಗಳ ಗುಡಿಸುವ ಅತ್ತಿಗೆ ಹೇಳಲಿ. ಗೇರು ಗುಡ್ಡೆಗೆ ಹೋಗಲಿ, ಕರಂಡೆ ಇದ್ದಲ್ಲೇ ಇರಲಿ. ಜೂನಿನಲ್ಲಿ, ಹೊಂಡ ತೆಗೆಯುವ ಹೊತ್ತಿಗೆ ನಮ್ಮ ಫೋನು ಬಂದರೆ, "ಮಳೆ ಜೋರುಂಟು, ಕೇಳುವುದಿಲ್ಲ" ಅಂತ ಹೇಳಿ ಇಟ್ಟುಬಿಡಿ.